ತೋಟದ ಸರ್ವರಲ್ಲಿ ಹಾಕಿ ನೋಡಿದ ಮಾನಿಟರಿಂಗ್ ಏಜೆಂಟ್‌ಗಳು, ಕಿತ್ತು ಹಾಕಿದ್ದೂ ಸೇರಿ

ವಿರಾಜಪೇಟೆ ಹತ್ರ ತೋಟದ ಆಫೀಸಲ್ಲಿ ಒಂದು ಹಳೇ ಡೆಬಿಯನ್ ಲಿನಕ್ಸ್ ಮಷೀನ್ ಇದೆ, ಕಾಫಿ ಲೆಕ್ಕ, ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ), ಕ್ಯಾಮೆರಾ ಎಲ್ಲಾ ಅದ್ರಲ್ಲೇ. ಜೂನ್ ಜುಲೈ ಗಾಳಿಗೆ ಸಿಲ್ವರ್ ಓಕ್ ಕೊಂಬೆ ಮುರಿದು ಲೈನ್ ಮೇಲೆ ಬೀಳುತ್ತೆ, ಕರೆಂಟು ಹೋಗುತ್ತೆ, ಯುಪಿಎಸ್ ಮಷೀನನ್ನ ಎಳ್ಕೊಂಡು ಹೋದ್ರೂ ನೆಟ್ ಇರಲ್ಲ. ತೋಟದ ಲೆಕ್ಕ ಬರೆಯೋ ರೈಟರ್ ಫೋನ್ ಮಾಡಿ "ಅಣ್ಣ, ರಾತ್ರಿಯಿಂದ ನೆಟ್ಟಿಲ್ಲ" ಅಂದಾಗ ಸರಿಯಾಗಿ ಯಾವಾಗ ಹೋಯ್ತು ಅಂತ ನೋಡೋಕೆ ಏನಾದ್ರೂ ಬೇಕಿತ್ತು. ಅದಕ್ಕೇ ಈ ಮಾನಿಟರಿಂಗ್ ಏಜೆಂಟ್‌ಗಳು, ಅಂದ್ರೆ ಮಷೀನ್ ಹೆಂಗಿದೆ ಅಂತ ಆಗಾಗ ಅಳೆದು ಹೇಳೋ ಸಣ್ಣ ಪ್ರೋಗ್ರಾಂಗಳು.

ಮೊದ್ಲು ನೋಡ್ ಎಕ್ಸ್‌ಪೋರ್ಟರ್. ತುಂಬಾ ಹಗುರ, ಒಂದೇ ಫೈಲು. ಆದ್ರೆ ಪ್ರೊಮಿಥಿಯಸ್ (ಬೇರೆ ಕಡೆ ಕೂತು ಲೆಕ್ಕ ಕೂಡಿಡೋ ಸಾಫ್ಟ್‌ವೇರ್) ತಾನೇ ಬಂದು 9100 ಪೋರ್ಟಿಂದ ಡೇಟಾ ಎತ್ಕೊಂಡು ಹೋಗ್ಬೇಕು, ನಮ್ಮ ಕನೆಕ್ಷನ್ನಿಗೆ ಹೊರಗಿಂದ ಬರೋಕೆ ದಾರಿನೇ ಇಲ್ಲ, ವಿಪಿಎನ್ (ಇಂಟರ್ನೆಟ್ ಮೇಲೆ ನಮ್ದೇ ಖಾಸಗಿ ದಾರಿ) ಹಾಕ್ಬೇಕು, ಮೇಲಾಗಿ ಅದು ಹಳೇ ಲೆಕ್ಕ ಏನೂ ಇಟ್ಕೊಳ್ಳಲ್ಲ, ನೆಟ್ ಇಲ್ಲದ ಹೊತ್ತಿನದು ಹೋದಂಗೇ. ಡೇಟಾ ಸೆಂಟರಿಗೆ ಒಳ್ಳೇದು, ತೋಟಕ್ಕಲ್ಲ. ತೆಗೆಯೋದು ಸುಲಭ: ಸರ್ವಿಸ್ ನಿಲ್ಲಿಸಿ, ಡಿಸೇಬಲ್ ಮಾಡಿ, ಬೈನರಿ (ಪ್ರೋಗ್ರಾಂ ಫೈಲು), ಸರ್ವಿಸ್ ಫೈಲು, ಅದಕ್ಕಂತ ಮಾಡಿದ ಯೂಸರ್ ಅಳಿಸಿದ್ರೆ ಮುಗೀತು.

ಜಾಬಿಕ್ಸ್ ಏಜೆಂಟ್ 2 ನಂಗೆ ತುಂಬಾ ಹಿಡಿಸ್ತು. ಆ್ಯಕ್ಟಿವ್ ಮೋಡಲ್ಲಿ ಏಜೆಂಟೇ ಹೊರಗಿರೋ ಜಾಬಿಕ್ಸ್ ಸರ್ವರಿನ 10051 ಪೋರ್ಟಿಗೆ ಹೋಗಿ ಡೇಟಾ ಕೊಟ್ಟು ಬರುತ್ತೆ, ಹೊರಗಿಂದ ಯಾರೂ ಒಳಗೆ ಬರ್ಬೇಕಿಲ್ಲ. ಪರ್ಸಿಸ್ಟೆಂಟ್ ಬಫರ್ ಅಂತ ಒಂದಿದೆ, ಸುಮ್ನೆ ಇದ್ರೆ ಆಫ್ ಆಗಿರುತ್ತೆ, ನಾವೇ ಆನ್ ಮಾಡಿ ಫೈಲಿನ ಜಾಗ ಹೇಳ್ಬೇಕು, ಆಗ ಕಳಿಸೋಕಾಗದ ಡೇಟಾನ ಡಿಸ್ಕಲ್ಲೇ ಇಟ್ಕೊಳ್ಳುತ್ತೆ. ಕೇಬಲ್ ಕಿತ್ತು 40 ನಿಮಿಷ ಬಿಟ್ಟೆ, ವಾಪಸ್ ಹಾಕಿದ ಮೇಲೆ ಗ್ರಾಫಲ್ಲಿ ಖಾಲಿ ಇದ್ದ ಜಾಗ ಕಣ್ಮುಂದೇನೇ ತುಂಬ್ಕೊಳ್ತು, ನಿಜವಾಗ್ಲೂ ಖುಷಿಯಾಯ್ತು.

ಇನ್ನೊಂದು ಟ್ರಯಲ್ ಏಜೆಂಟು, ಹೆಸರು ಬೇಡ. ಆಪ್ಟ್ ರಿಮೂವ್ (ಡೆಬಿಯನ್ನಲ್ಲಿ ಸಾಫ್ಟ್‌ವೇರ್ ತೆಗೆಯೋ ಕಮಾಂಡು) ಕೊಟ್ಟು ಹೋಯ್ತು ಅನ್ಕೊಂಡಿದ್ದೆ. ಕರೆಂಟ್ ಹೋದಾಗ ನಾವು ಮೊಬೈಲ್ ಡಾಂಗಲ್ ಹಾಕ್ತೀವಿ, ಅದ್ರ ಡೇಟಾ ಮಧ್ಯಾಹ್ನದೊಳಗೇ ಖಾಲಿ! ನೆಟ್ ಎಷ್ಟು ಖರ್ಚಾಯ್ತು ಅಂತ ಲೆಕ್ಕ ಇಡೋ ವಿಎನ್‌ಸ್ಟ್ಯಾಟ್ ನೋಡಿದ್ರೆ ರಾತ್ರಿಯೆಲ್ಲಾ ಅಪ್‌ಲೋಡ್ ಹೋಗಿದೆ. ಯಾವ ಪ್ರೋಗ್ರಾಂ ನೆಟ್ ಬಳಸ್ತಿದೆ ಅಂತ ತೋರಿಸೋ ಎಸ್ಎಸ್ ಕಮಾಂಡಲ್ಲಿ ಅದೇ ಏಜೆಂಟು ಮತ್ತೆ ಕಾಣಿಸ್ತು. ದಿನಾ ತಾನಾಗೇ ಓಡೋ ಕೆಲಸಗಳನ್ನ ಇಡೋ ಕ್ರಾನ್ ಫೋಲ್ಡರಲ್ಲಿ ಅದ್ರ ಅಪ್‌ಡೇಟ್ ಸ್ಕ್ರಿಪ್ಟ್ ಉಳ್ಕೊಂಡಿತ್ತು, ಆ ಸ್ಕ್ರಿಪ್ಟೇ ತಾನಾಗಿ ಓಡಿ ಏಜೆಂಟನ್ನ ಮತ್ತೆ ಇನ್‌ಸ್ಟಾಲ್ ಮಾಡಿತ್ತು. ಆ ಸ್ಕ್ರಿಪ್ಟ್ ಅಳಿಸಿ, ರಿಮೂವ್ ಬದಲು ಸೆಟ್ಟಿಂಗ್ ಫೈಲನ್ನೂ ಅಳಿಸೋ ಪರ್ಜ್ ಕೊಟ್ಟು, ಸೋರ್ಸಸ್ ಲಿಸ್ಟಲ್ಲಿದ್ದ ಅವರ ರೆಪೊಸಿಟರಿ (ಸಾಫ್ಟ್‌ವೇರ್ ಇಳಿಸ್ಕೊಳ್ಳೋ ಜಾಗ) ತೆಗೆದು, ಅದಕ್ಕಂತ ತೆಗೆದಿದ್ದ ಫೈರ್‌ವಾಲ್ ಪೋರ್ಟ್ ಮುಚ್ಚಿ, ರೀಬೂಟ್ ಮಾಡಿ ಮಾರನೇ ದಿನ ಮತ್ತೆ ನೋಡಿದ ಮೇಲೇನೇ ನಂಬಿದ್ದು. ತೋಟದವರ ದುಡ್ಡಿನ ಡೇಟಾ ಅದು, ಬೇಜಾರಾಗಲ್ವಾ.

ವಿಎನ್‌ಸ್ಟ್ಯಾಟನ್ನ ಮಾತ್ರ ಯಾರು ಬೇಕಾದ್ರೂ ಕಣ್ಮುಚ್ಚಿ ಹಾಕ್ಕೊಳ್ಳಿ. ಪ್ಯಾಕೆಟ್ ಬಿಚ್ಚಿ ನೋಡಲ್ಲ, ಕರ್ನಲ್ (ಲಿನಕ್ಸಿನ ತಿರುಳು) ಇಟ್ಟಿರೋ ಕೌಂಟರ್ ಓದಿ ಲೋಕಲ್ಲಾಗಿ ಬರೆದಿಡುತ್ತೆ, ಎಲ್ಲಿಗೂ ಏನೂ ಕಳಿಸಲ್ಲ.

ಈಗ ಜಾಬಿಕ್ಸೂ ವಿಎನ್‌ಸ್ಟ್ಯಾಟೂ ಎರಡೇ ಇರೋದು. ಜಾಬಿಕ್ಸ್ ಡೇಟಾನ ಡಿಸ್ಕಲ್ಲಿ ಇಟ್ಕೊಳ್ಳೋ ಹೊತ್ತು, ಅಂದ್ರೆ ಬಫರ್ ಪೀರಿಯಡ್, 1 ಗಂಟೆ ಇದ್ದಿದ್ದನ್ನ 3 ದಿನಕ್ಕೆ ಏರಿಸಿದೀನಿ, ಜುಲೈಲಿ ನಮ್ಮ ಕಡೆ ಲೈನ್ ರಿಪೇರಿಗೆ ಅಷ್ಟು ಬೇಕಾಗುತ್ತೆ.