ನಡುಮನೆಯ ಗೋಡೆಗೆ ರೋಮಿನ ಕಂಬಗಳು

ಮೈಸೂರಿನ ಅಂಗಡಿಯೊಂದರಲ್ಲಿ ಮಾಡಿಸಿದ, ರೋಮಿನ ಪ್ರಾಚೀನ ಅವಶೇಷಗಳ ಆರಂಭಕಾಲದ ಛಾಯಾಚಿತ್ರಗಳ ಎರಡು ಲೋಹದ ಪ್ರಿಂಟುಗಳು ಕಳೆದ ಮಳೆಗಾಲದಿಂದ ನಮ್ಮ ಕುವೆಂಪುನಗರದ ಮನೆಯಲ್ಲಿವೆ. ಲೇಪನವಿರುವ ಅಲ್ಯೂಮಿನಿಯಂ ತಗಡಿನೊಳಕ್ಕೆ ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬಣ್ಣವನ್ನು ಆವಿಯಾಗಿಸಿ ಇಳಿಸಿರುವುದರಿಂದ, ಪಕ್ಕದಲ್ಲಿದ್ದ ಕಾಗದದ ಚಿತ್ರವನ್ನು ಉಬ್ಬಿಸಿದ ಗೋಡೆಯ ತೇವ ಇವನ್ನು ಮುಟ್ಟಲಿಲ್ಲ.

ಹೆಚ್ಚು ಮೆಚ್ಚುಗೆಯಾದದ್ದು ಫ್ರಾನ್ಸಿನ ಗಿರೋ ದ ಪ್ರಾಂಜೆ 1842ರಲ್ಲಿ ರೋಮಿನಲ್ಲಿ ತೆಗೆದ ಡಾಗೆರೋಟೈಪ್‌ನ, ಅಂದರೆ ಲೋಹದ ಫಲಕದ ಮೇಲೆಯೇ ಮೂಡಿಸುತ್ತಿದ್ದ ಆರಂಭಕಾಲದ ಛಾಯಾಚಿತ್ರದ, ಪ್ರತಿ. ಮೂಲಚಿತ್ರವೇ ಬೆಳ್ಳಿ ಲೇಪಿಸಿದ ತಾಮ್ರದ ಫಲಕದ ಮೇಲಿದ್ದುದರಿಂದ, ಲೋಹದ ಹೊಳಪು ಇಲ್ಲಿ ಅಲಂಕಾರವೆನಿಸದೆ ಸಹಜವಾಗಿ ಕಾಣುತ್ತದೆ.

ಇನ್ನೊಂದು, ಸ್ಕಾಟ್ಲೆಂಡಿನ ರಾಬರ್ಟ್ ಮ್ಯಾಕ್‌ಫರ್ಸನ್ ತೆಗೆದ ರೋಮನ್ ಫೋರಂ, ಅಂದರೆ ಪ್ರಾಚೀನ ರೋಮಿನ ಸಾರ್ವಜನಿಕ ಚೌಕದ, ಚಿತ್ರ. ಒಂದು ಕಾಲಕ್ಕೆ ದನ ಮೇಯುತ್ತಿದ್ದ ಕಾರಣ 'ದನಗಳ ಬಯಲು' ಎಂದೇ ಹೆಸರಾಗಿದ್ದ ಜಾಗವದು; ನಮ್ಮ ಹಂಪಿಯನ್ನು ನೋಡಿದವರಿಗೆ ಇದೇನೂ ವಿಚಿತ್ರವೆನಿಸದು. ಆದರೆ ಸ್ಯಾಟರ್ನ್ ದೇವಾಲಯದ ಎಂಟು ಕಂಬಗಳ ನೆರಳನ್ನು ಅಂಗಡಿಯವರು ಅತಿಯಾಗಿ ಕಪ್ಪಾಗಿಸಿ, ಮೂಲದ ಆಲ್ಬ್ಯುಮೆನ್ (ಮೊಟ್ಟೆಯ ಬಿಳಿಭಾಗ ಲೇಪಿಸಿದ ಕಾಗದದ) ಮುದ್ರಣಕ್ಕಿದ್ದ ಕಂದು ಛಾಯೆಯನ್ನೂ ತೆಗೆದುಹಾಕಿದ್ದಾರೆ. ಮೇಲ್ಮೈ ನುಣುಪಾಗಿರುವುದರಿಂದ ಸಂಜೆ ಕಿಟಕಿಯ ಬಿಂಬ ಬಿದ್ದು ಅರ್ಧ ಚಿತ್ರ ಕಾಣುವುದಿಲ್ಲ. ಮಾಡಿಸುವವರು ಹೊಳಪಿಲ್ಲದ ಮ್ಯಾಟ್ ಮೇಲ್ಮೈಯನ್ನೇ ಕೇಳಿ, ಮೊದಲು ಸಣ್ಣ ಅಳತೆಯ ಮಾದರಿಯೊಂದನ್ನು ನೋಡಿ ಒಪ್ಪಿಗೆ ಕೊಡುವುದು ಒಳಿತು.