ಟೋಕನ್ ಪಟ್ಟಿ: ಕೈಯಿಂದ ಬರೆದದ್ದೋ, ತಾನೇ ಹುಟ್ಟಿದ್ದೋ, ಓಡಿಸಿ ಪಡೆದದ್ದೋ?

ಪಿಎಚ್‌ಪಿಯ ಪಾರ್ಸರ್ ಟೋಕನ್‌ಗಳಿಗೆ ಕನ್ನಡ ವಿವರಣೆ ಬರೆಯಲು ಬೆಳಗಾವಿಯಲ್ಲಿ ಮೂರು ದಾರಿ ಹಿಡಿದು ನೋಡಿದೆವು. ಪಿಎಚ್‌ಪಿ ವೆಬ್ ಪುಟಗಳಿಗೆ ಬಳಸುವ ಪ್ರೋಗ್ರಾಮಿಂಗ್ ಭಾಷೆ; ಲೆಕ್ಸರ್ ಎಂಬ ಭಾಗ ಕೋಡನ್ನು ತುಂಡು ಮಾಡುತ್ತದೆ, ಆ ತುಂಡುಗಳೇ ಟೋಕನ್; ಅವನ್ನು ಜೋಡಿಸಿ ರಚನೆ ಗುರುತಿಸುವುದು ಪಾರ್ಸರ್. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಕೇಂದ್ರವಿರುವ ಊರು. ಓದುವವರಿಗೆ ಲೆಕ್ಸರ್, ಪಾರ್ಸರ್ ಹುಟ್ಟಿಸುವ ಸಲಕರಣೆಗಳಾದ ಲೆಕ್ಸ್, ಯಾಕ್ ಗೊತ್ತು, ಆದರೆ ಟೋಕನ್ ಹೆಸರುಗಳು ದಾರಿ ತಪ್ಪಿಸುತ್ತವೆ.

ಕೈಯಿಂದ ಬರೆದ ಕೋಷ್ಟಕ ಅರ್ಥ ಹೇಳುವುದರಲ್ಲಿ ಗಟ್ಟಿ. ಟಿ_ಸ್ಟ್ರಿಂಗ್ ಎಂದರೆ ಉದ್ಧರಣ ಚಿಹ್ನೆಯೊಳಗಿನ ಪಠ್ಯವಲ್ಲ, ಫಂಕ್ಷನ್ ಮತ್ತು ಕ್ಲಾಸ್‌ಗಳ ಹೆಸರು. ಟ್ರೂ, ನಲ್ ಕೂಡ ಅದೇ. ಇದನ್ನು ಮನುಷ್ಯನೇ ಹೇಳಬೇಕು. ಆದರೆ ಆವೃತ್ತಿ ಬದಲಾದರೆ ಕೋಷ್ಟಕ ಹಳಸುತ್ತದೆ. ಪಿಎಚ್‌ಪಿ 8.0ರಲ್ಲಿ ನೇಮ್‌ಸ್ಪೇಸ್ (ಹೆಸರುಗಳ ಗುಂಪು) ಇರುವ ಹೆಸರು ಮೊದಲಿನಂತೆ ತುಂಡಾಗದೆ ಒಂದೇ ಟೋಕನ್ ಆಯಿತು. ಒಂದು ಸಾಲಿನ ಕಾಮೆಂಟ್‌ನ ಕೊನೆಯ ಹೊಸಸಾಲು ಕಾಮೆಂಟ್ ಬಿಟ್ಟು ಖಾಲಿ ಜಾಗದ ಟೋಕನ್ ಆದ ಟಿ_ವೈಟ್‌ಸ್ಪೇಸ್‌ಗೆ ಹೋಯಿತು. ಹಳೆಯ ಕೋಷ್ಟಕ ನಂಬಿದವರ ಕೋಡ್ ಇಲ್ಲಿ ಸದ್ದಿಲ್ಲದೆ ತಪ್ಪುತ್ತದೆ.

ಎರಡನೆಯದು ಸ್ವಯಂಚಾಲಿತ ಪಟ್ಟಿ. ಗೆಟ್_ಡಿಫೈನ್ಡ್_ಕಾನ್‌ಸ್ಟಂಟ್ಸ್ ಫಂಕ್ಷನ್‌ಗೆ ಟ್ರೂ ಕೊಟ್ಟು 'ಟೋಕನೈಜರ್' ಗುಂಪು ತೆಗೆದರೆ ಹೆಸರು ಒಂದೂ ಬಿಡುವುದಿಲ್ಲ. ಆದರೆ ಪಕ್ಕದ ಸಂಖ್ಯೆಗಳನ್ನು ಬರೆದಿಡಬೇಡಿ: ಅವು ಪಾರ್ಸರ್ ಹುಟ್ಟಿಸುವ ಬೈಸನ್ ಎಂಬ ಸಲಕರಣೆ ಕೊಟ್ಟವು, ಆವೃತ್ತಿಯಿಂದ ಆವೃತ್ತಿಗೆ ಸರಿಯುತ್ತವೆ. ಪಟ್ಟಿಯನ್ನು ಸಂಖ್ಯೆಯೇ ಕೀಲಿಯಾಗುವಂತೆ ತಿರುಗಿಸಿದರೆ, ಒಂದೇ ಸಂಖ್ಯೆ ಹಂಚಿಕೊಂಡ '::'ನ ಎರಡು ಹೆಸರಿನಲ್ಲಿ ಒಂದು ಕಳೆದುಹೋಗುತ್ತದೆ. ಟಿ_ಡಬಲ್_ಕೋಲನ್ ಒಂದು, ಹೀಬ್ರೂವಿನ 'ಪಾಮಯಿಮ್ ನೆಕುಡೊತಾಯಿಮ್' ಇನ್ನೊಂದು. (ಆ ಹೀಬ್ರೂ ಮಾತಿಗೂ ಎರಡು ಕೋಲನ್ ಎಂದೇ ಅರ್ಥ.) ಪೈಥಾನ್‌ನವರು ಇದೇ ದಾರಿಯಲ್ಲಿ ಮುಂದೆ: ಗ್ರಾಮರ್ ಕೋಶದಲ್ಲಿರುವ ಟೋಕನ್ಸ್ ಕಡತದಿಂದಲೇ ದಾಖಲೆಯ ಪಟ್ಟಿಯೂ ಹುಟ್ಟುತ್ತದೆ. ಆದರೂ ಅಲ್ಲಿ ಸಿಗುವುದು ಹೆಸರು ಮತ್ತು ಚಿಹ್ನೆ, ವಿವರಣೆಯಲ್ಲ.

ಮೂರನೆಯದು ಪುಟ್ಟ ಕೋಡ್ ಓಡಿಸಿ ಫಲಿತಾಂಶವನ್ನೇ ದಾಖಲೆ ಮಾಡುವುದು. ನಮಗೆ ಹೆಚ್ಚು ದಕ್ಕಿದ್ದು ಇದೇ. 8.0ರಿಂದ ಬಂದ ಪಿಎಚ್‌ಪಿಟೋಕನ್ ಕ್ಲಾಸ್‌ನ ಟೋಕನೈಜ್ ಬಳಸಿ. ಹಳೆಯ ಟೋಕನ್_ಗೆಟ್_ಆಲ್ ';' ಅಂಥ ಒಂಟಿ ಅಕ್ಷರಕ್ಕೆ ಬರೀ ಸ್ಟ್ರಿಂಗ್, ಉಳಿದವಕ್ಕೆ ಮೂರು ಅಂಶದ ಅರೇ ಕೊಡುತ್ತದೆ; ಪರೀಕ್ಷಿಸದೆ ಲೂಪ್ ಬರೆದರೆ ಎಡವುತ್ತೀರಿ. ಆರಂಭದ ಟ್ಯಾಗ್ (<?php) ಮರೆತರೆ ಎಲ್ಲವೂ ಒಂದೇ ಟಿ_ಇನ್‌ಲೈನ್_ಎಚ್‌ಟಿಎಮ್‌ಎಲ್.

ಉದಾಹರಣೆಗೆ ಟ್ಯಾಗ್ ಹಾಕಿ '$ಕುಂದಾ = 10;' ಕೊಡಿ. ಟ್ಯಾಗ್ ಬಿಟ್ಟು ಆರು ಟೋಕನ್: ವೇರಿಯಬಲ್, ಖಾಲಿ ಜಾಗ, '=', ಖಾಲಿ ಜಾಗ, ಟಿ_ಎಲ್‌ನಂಬರ್ (ಪೂರ್ಣಾಂಕ), ';'. ಹೆಸರು ಕನ್ನಡದಲ್ಲಿದ್ದರೂ ನಡೆಯುತ್ತದೆ, ಏಕೆಂದರೆ ಲೆಕ್ಸರ್ 128 ಮತ್ತು ಮೇಲಿನ ಬೈಟ್‌ಗಳನ್ನು ಹೆಸರಿಗೆ ಒಪ್ಪುತ್ತದೆ. ಅದೇ ಕಾರಣಕ್ಕೆ 10ರ ಬದಲು ೧೦ ಬರೆದರೆ ಅದು ಸಂಖ್ಯೆಯಲ್ಲ, ಟಿ_ಸ್ಟ್ರಿಂಗ್! ಟೋಕನ್ ಆಗುವಾಗ ಗದ್ದಲವಿಲ್ಲ. ಓಡಿಸಿದಾಗ 8ರಲ್ಲಿ 'ಅಂಥ ಕಾನ್‌ಸ್ಟಂಟ್ ಇಲ್ಲ' ಎಂಬ ದೋಷ.

ಹಾಗಾಗಿ ಹೆಸರಿಗೆ ಎರಡನೆಯದು, ಉದಾಹರಣೆಗೆ ಮೂರನೆಯದು, ಅರ್ಥದ ಅಂಕಣ ಮಾತ್ರ ಕೈಯಿಂದ. ಪ್ರತಿ ಸಾಲಿಗೂ ಪಿಎಚ್‌ಪಿ ಆವೃತ್ತಿ ಬರೆಯಿರಿ. ಟೋಕನ್ ಸ್ಥಾನ ಬರೆಯುವಾಗ ಅಕ್ಷರ ಎಣಿಸಬೇಡಿ: ಅದು ಬೈಟ್ ಲೆಕ್ಕ, $ಕುಂದಾ ಒಟ್ಟು 16 ಬೈಟ್. ಹೆಸರಿನೊಳಗೆ ಕಣ್ಣಿಗೆ ಕಾಣದ ಜೋಡಣೆ-ತಡೆ ಅಕ್ಷರ (ZWNJ) ಸೇರಿದ್ದರೆ ಅದೇ ಹೆಸರು 19 ಬೈಟ್ ಆಗಿ ಬೇರೆ ವೇರಿಯಬಲ್ ಆಗುತ್ತದೆ. ಕನ್ನಡ ಹೆಸರಿನ ಉದಾಹರಣೆಗಳಿಗೆ ಬೈಟ್ ಉದ್ದದ ಅಂಕಣ ಇಟ್ಟರೆ ಇದು ತಕ್ಷಣ ಸಿಕ್ಕಿಬೀಳುತ್ತದೆ.