ಓಂ ತೀರವೋ, ತಿಳಮಾತಿಯೋ?

ಹುಬ್ಬಳ್ಳಿಯ ಶಾಲೆ ಮಕ್ಕಳಿಗೆ ಕಡಲ ಬಂಡೆಗಳ ನಡುವಿನ ನೀರುಗುಂಡಿ ತೋರಿಸಲು ಗೋಕರ್ಣದ ಓಂ ತೀರ ಮೇಲೋ, ಕಾರವಾರದ ತಿಳಮಾತಿ ಮೇಲೋ ಎಂದು ಕೇಳಿದ್ದೀರಿ.

ಬಸ್ ಬಾಡಿಗೆಯಲ್ಲಿ ಅಂಥ ಅಂತರವಿಲ್ಲ. ಎರಡಕ್ಕೂ ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯಬೇಕು. ವಾಂತಿ ಚೀಲ ಮರೆಯಬೇಡಿ.

ಐದನೆಯ ತರಗತಿಯ ಚಿಕ್ಕವರಾದರೆ ಓಂ ತೀರ. ಊಟ, ಶೌಚಾಲಯದ ಚಿಂತೆ ಕಡಿಮೆ. ಆದರೆ ಪ್ರವಾಸಿಗರ ಗದ್ದಲವಿದೆ, ಶನಿವಾರ, ಭಾನುವಾರ ಬೇಡವೇ ಬೇಡ. ತಿಳಮಾತಿಗೆ ಮಾಜಾಳಿ ಕಡೆಯಿಂದ ಗುಡ್ಡ ಹತ್ತಿಳಿದು ನಡೆಯಬೇಕು, ಬುತ್ತಿ, ನೀರು ಹೊತ್ತೇ ಹೋಗಬೇಕು. ಎಳ್ಳಿನಂಥ ಕಪ್ಪು ಮರಳು ಕಂಡೊಡನೆ ಹೈಸ್ಕೂಲಿನ ಮಕ್ಕಳು ದಣಿವು ಮರೆಯುತ್ತಾರೆ. ಕಾರವಾರದ ಕೋಡಿಬಾಗದಲ್ಲಿ ನಮ್ಮ ಕರ್ನಾಟಕ ವಿಶ್ವವಿದ್ಯಾಲಯದ್ದೇ ಕಡಲ ಜೀವಶಾಸ್ತ್ರ ವಿಭಾಗವಿದೆ. ಮೊದಲೇ ಪತ್ರ ಬರೆದು ಕೇಳಿ ನೋಡಿ.

ಜಾಗಕ್ಕಿಂತ ಕಡಲ ಇಳಿತದ ಹೊತ್ತು ಮುಖ್ಯ, ನೀರು ಸರಿದಾಗಲೇ ಗುಂಡಿಗಳು ಕಾಣುವುದು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಹಿಂದೆ ಸರಿಯುತ್ತದೆ. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ ಉಬ್ಬರವಿಳಿತದ ವೇಳಾಪಟ್ಟಿ ನೋಡಿಯೇ ದಿನ ಗೊತ್ತುಮಾಡಿ. ಮಳೆಗಾಲದಲ್ಲಿ ಎರಡೂ ಬೇಡ.

ಗುಂಡಿಯಲ್ಲಿ ಸಿಗುವ ಸನ್ಯಾಸಿ ಏಡಿಯನ್ನು (ಖಾಲಿ ಚಿಪ್ಪನ್ನು ಮನೆ ಮಾಡಿಕೊಳ್ಳುವ ಏಡಿ) ಅಂಗೈ ಮೇಲಿಟ್ಟು ಅಲುಗಾಡದೆ ಕಾಯಲು ಹೇಳಿ. ಮೊದಲು ಒಂದು ಕಾಲು, ಆಮೇಲೆ ಕಡ್ಡಿಯಂಥ ಕಣ್ಣುಗಳು ಚಿಪ್ಪಿನಿಂದ ಹೊರಬರುತ್ತವೆ. ನೋಡಿದ ಮೇಲೆ ಅದೇ ಗುಂಡಿಗೆ ಬಿಡಿಸಿ.